ಏಳು ಕುಳ್ಳರ ಕೆಲಸ ತಪ್ಪಿಸಿದ್ದು ಪೀಟರ್ ಡಿಂಕ್ಲೇಜ್ ಅವರೇನಾ?

ಮಧ್ಯರಾತ್ರಿ ಪ್ರೇಕ್ಷಕ:
ನಿನ್ನೆ ರಾತ್ರಿ 'ದಿ ಸ್ಟೇಷನ್ ಏಜೆಂಟ್' ನೋಡಿ ಮುಗಿಸಿದೆ. 2003ರ ಸಿನಿಮಾ. ಆಟಿಕೆ ರೈಲುಗಳ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ಕುಳ್ಳ ಮನುಷ್ಯ. ಅಂಗಡಿಯ ಮಾಲೀಕ ಸಾಯುವ ಮೊದಲು ಹಳ್ಳಿಗಾಡಿನ ಒಂದು ಪಾಳು ರೈಲ್ವೆ ಸ್ಟೇಷನ್ನನ್ನು ಇವನ ಹೆಸರಿಗೆ ಬರೆದಿಟ್ಟಿರುತ್ತಾನೆ. ಅಲ್ಲಿ ಒಬ್ಬನೇ ತಣ್ಣಗೆ ಇದ್ದುಬಿಡೋಣ ಅಂತ ಹೋದರೆ ಅಕ್ಕಪಕ್ಕದವರು ಬಿಡುವುದಿಲ್ಲ. ಅಷ್ಟೇ ಕಥೆ. ಒಂದೂವರೆ ಗಂಟೆ ಕೂತಲ್ಲಿಂದ ಎದ್ದಿಲ್ಲ ನಾನು. ಆ ಪಾತ್ರ ಮಾಡಿದ ನಟ ಪೀಟರ್ ಡಿಂಕ್ಲೇಜ್ ನನಗೆ ಗೊತ್ತಿದ್ದದ್ದು 'ಗೇಮ್ ಆಫ್ ಥ್ರೋನ್ಸ್' ಧಾರಾವಾಹಿಯ ಬಾಯಿಬಡುಕ ಟಿರಿಯನ್ ಆಗಿ. ಇಲ್ಲಿ ನೋಡಿದರೆ ಮಾತೇ ಆಡುವುದಿಲ್ಲ.

ಆಮೇಲೆ ಅವರ ಬಗ್ಗೆ ಓದುತ್ತಾ ಕೂತೆ. ಒಂದು ಜಗಳ ಸಿಕ್ಕಿತು. 2022ರ ಜನವರಿಯಲ್ಲಿ ಮಾರ್ಕ್ ಮ್ಯಾರನ್ ಅವರ ಪಾಡ್‌ಕಾಸ್ಟ್‌ನಲ್ಲಿ ಡಿಂಕ್ಲೇಜ್ ಡಿಸ್ನಿಯ ಹೊಸ 'ಸ್ನೋ ವೈಟ್' ಮೇಲೆ ಸಿಡಿದಿದ್ದರು. ಲ್ಯಾಟಿನಾ ನಟಿಯನ್ನು ನಾಯಕಿ ಮಾಡಿದ್ದೇವೆ ಅಂತ ಬೀಗುತ್ತೀರಿ, ಆದರೆ ಏಳು ಕುಳ್ಳರು ಒಂದು ಗುಹೆಯಲ್ಲಿ ಒಟ್ಟಿಗೆ ಇರುವ ಅದೇ ಹಳೇ ಕಥೆ ಹೇಳುತ್ತೀರಲ್ಲ ಅಂತ. ಡಿಸ್ನಿ ಕೂಡಲೇ ಉತ್ತರ ಕೊಟ್ಟಿತು. ಆ ಏಳು ಪಾತ್ರಗಳನ್ನು ಬೇರೆ ರೀತಿ ಮಾಡುತ್ತೇವೆ, ಕುಳ್ಳರ ಸಮುದಾಯದವರನ್ನು ಕೇಳುತ್ತಿದ್ದೇವೆ ಅಂದಿತು. 2025ರ ಮಾರ್ಚ್‌ನಲ್ಲಿ ಸಿನಿಮಾ ಬಂತು. ಏಳೂ ಜನ ಕಂಪ್ಯೂಟರ್‌ನಲ್ಲಿ ಮಾಡಿದ ಗೊಂಬೆಗಳು!

ಈಗ ನೀವು ಹೇಳಿ. ಡಿಂಕ್ಲೇಜ್ ಸರಿಯಾಗಿ ಮಾತಾಡಿದರಾ, ಇಲ್ಲಾ ಹತ್ತಿದ ಏಣಿಯನ್ನು ಒದ್ದರಾ?

ಬಯಲುಸೀಮೆ ಬಸವ:
ಒದ್ದರು. ಇದರಲ್ಲಿ ಕೇಳೋದೇನಿದೆ? ಟಿರಿಯನ್ ಅನ್ನುವ ಒಂದೇ ಪಾತ್ರಕ್ಕೆ ನಾಲ್ಕು ಸಲ ಎಮ್ಮಿ, ಅಂದರೆ ಅಮೆರಿಕದ ಟಿವಿ ಪ್ರಶಸ್ತಿ, ತಗೊಂಡ ಮನುಷ್ಯ. 2011, 2015, 2018, 2019. ಅವರಿಗೆ ಇನ್ನು ಯಾವ ಪಾತ್ರ ಬೇಕಾದರೂ ಸಿಗುತ್ತದೆ. ಉಳಿದವರಿಗೆ? ಡಿಲನ್ ಪೋಸ್ಟಲ್ ಅಂತ ಕುಸ್ತಿಪಟು ಇದ್ದಾರೆ. ಡಬ್ಲ್ಯೂಡಬ್ಲ್ಯೂಇಯಲ್ಲಿ ಹಾರ್ನ್‌ಸ್ವಾಗಲ್ ಅಂತ ಆಡುತ್ತಿದ್ದವರು, ಅವರೂ ಕುಳ್ಳರೇ. ನಮ್ಮಂಥವರಿಗೆ ಸಿಗೋದೇ ಅಪರೂಪ, ಇದ್ದ ಏಳು ಪಾತ್ರವೂ ಈ ಮನುಷ್ಯನಿಂದ ಹೋಯಿತು ಅಂತ ನೇರವಾಗಿ ಬೈದರು. ಹಸಿದವನ ಸಂಕಟ ಉಂಡವನಿಗೇನು ಗೊತ್ತು?

ರಂಗಶಾಲೆ ಬೆಂಚು:
ಬಸವ ಅವರೇ, ಉಂಡವರು ಅಂದಿರಲ್ಲ, ಅಲ್ಲೇ ತಪ್ಪಿದ್ದು. ಆ ಮನುಷ್ಯ 'ಬೇಡ' ಅನ್ನಲು ಶುರು ಮಾಡಿದ್ದು ಎಮ್ಮಿ ಬಂದ ಮೇಲಲ್ಲ.

1969ರಲ್ಲಿ ನ್ಯೂಜೆರ್ಸಿಯಲ್ಲಿ ಹುಟ್ಟಿದ್ದು. ಅಪ್ಪ ಇನ್ಶೂರೆನ್ಸ್ ಮಾರುತ್ತಿದ್ದರು, ಅಮ್ಮ ಶಾಲೆಯಲ್ಲಿ ಸಂಗೀತದ ಟೀಚರ್. 1991ರಲ್ಲಿ ಬೆನ್ನಿಂಗ್ಟನ್ ಕಾಲೇಜಿನಲ್ಲಿ ನಾಟಕ ಓದಿ ನ್ಯೂಯಾರ್ಕಿಗೆ ಬಂದರು. ಬ್ರೂಕ್ಲಿನ್‌ನಲ್ಲಿ ಚಳಿಗಾಲಕ್ಕೆ ಹೀಟರೂ ಇಲ್ಲದ ಕೋಣೆ. ಹೊಟ್ಟೆಪಾಡಿಗೆ ಒಂದು ಕಂಪನಿಯಲ್ಲಿ ಡೇಟಾ ಎಂಟ್ರಿ. ಒಂದಲ್ಲ, ಎರಡಲ್ಲ, ಆರು ವರ್ಷ! ಇದನ್ನೆಲ್ಲ ಅವರೇ 2012ರಲ್ಲಿ ತಮ್ಮ ಕಾಲೇಜಿನ ಘಟಿಕೋತ್ಸವದಲ್ಲಿ ಹೇಳಿದ್ದಾರೆ. 29ನೇ ವಯಸ್ಸಿಗೆ ಆ ಕೆಲಸ ಬಿಟ್ಟು, ಇನ್ನು ಎಷ್ಟು ದುಡ್ಡು ಬಂದರೂ ಬರದಿದ್ದರೂ ನಟನೆಯೇ ಅಂತ ಕೂತರು.

ಆ ಕಷ್ಟದ ದಿನಗಳಲ್ಲೂ ಕ್ರಿಸ್‌ಮಸ್ ಬಂದರೆ ಜಾಹೀರಾತಿನವರು ಕರೆಯುತ್ತಿದ್ದರು. ಸಾಂತಾ ಕ್ಲಾಸ್ ಪಕ್ಕದಲ್ಲಿ ಅವನ ಪುಟ್ಟ ಕೆಲಸಗಾರ 'ಎಲ್ಫ್' ಆಗಿ ಚೂಪು ಬೂಟು ಹಾಕಿಕೊಂಡು ನಿಲ್ಲಲು. ಅದಕ್ಕೆ ಹೋಗುವುದಿಲ್ಲ ಅಂದವರು ಡಿಂಕ್ಲೇಜ್. ಹೊಟ್ಟೆ ತುಂಬಿದವರ ಮಾತಲ್ಲ ಅದು.

ಸುಮ್ನೆ ಓದ್ತೀನಿ:
ಬಿಎ ನಾಟಕ ಮಾಡಿ ಡೇಟಾ ಎಂಟ್ರಿ. ನಮ್ಮ ಕಡೆಯ ಕಥೆಯೇ ಆಯಿತು ಇದು.

ನಾಲ್ಕಡಿ ಎರಡಿಂಚು:
ಹೆಸರು ನೋಡಿದರೆ ಗೊತ್ತಾಗುತ್ತದೆ, ನಾನು ಯಾವ ಕಡೆಯವನು ಅಂತ. ನನಗಿರುವುದೂ ಡಿಂಕ್ಲೇಜ್‌ಗೆ ಇರುವುದೇ. ಬ್ಯಾಂಕಿನಲ್ಲಿ ಕ್ಲರ್ಕ್ ಆಗಿದ್ದೇನೆ.

ಬೆಂಚು ಅವರೇ, ನೀವು ಹೇಳಿದ್ದು ಸರಿ. ಆದರೆ ಅದರ ಇನ್ನೊಂದು ಮಗ್ಗುಲು ಬಿಟ್ಟಿರಿ. ಆರು ವರ್ಷ ಡೇಟಾ ಎಂಟ್ರಿ ಸಂಬಳ ಬರುತ್ತಿತ್ತಲ್ಲ? ಹಾಗಾಗಿ ಚೂಪು ಬೂಟು ಬೇಡ ಅನ್ನಲು ಆಯಿತು. ಕಂಪನಿಯಲ್ಲಿ ಕೂರಿಸಿ ಕೆಲಸ ಕೊಡುವವರೇ ಇಲ್ಲದಿದ್ದರೆ?

ಡಿಗ್ರಿ ಮುಗಿಸಿ ಎರಡು ವರ್ಷ ನನಗೆ ಕೆಲಸ ಸಿಗಲಿಲ್ಲ. ಸಂದರ್ಶನದ ರೂಮಿಗೆ ಹೋದರೆ ಪ್ರಶ್ನೆಗಿಂತ ಮೊದಲು ನಗು ಬರುತ್ತಿತ್ತು. ಆಗ ಮದುವೆ ಕಾಂಟ್ರಾಕ್ಟ್ ಹಿಡಿಯುವ ಒಬ್ಬರು ಕರೆದರು. ಛತ್ರದ ಬಾಗಿಲಲ್ಲಿ ಚಾಪ್ಲಿನ್ ವೇಷ ಹಾಕಿಕೊಂಡು ಬಂದವರಿಗೆ ಗುಲಾಬಿ ಕೊಡಬೇಕು. ರಾತ್ರಿಗೆ ಇಷ್ಟು ಅಂತ. ಹೋದೆ. ಒಂದಲ್ಲ, ಹನ್ನೊಂದು ರಿಸೆಪ್ಷನ್‌ಗೆ ಹೋದೆ. ಹನ್ನೆರಡನೆಯದರಲ್ಲಿ ಒಬ್ಬ ಹುಡುಗ, ನನಗಿಂತ ವಯಸ್ಸಿನಲ್ಲಿ ಚಿಕ್ಕವನು, ನನ್ನನ್ನು ಮಗುವಿನ ಹಾಗೆ ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡು ಫೋಟೋ ತೆಗೆಸಿಕೊಂಡ. ಕೆಳಗಿಳಿಸು ಅಂದೆ. ನಕ್ಕ. ಅವನ ಜೊತೆಯವರೂ ನಕ್ಕರು. ವೇಷ ಅಲ್ಲೇ ಬಿಚ್ಚಿಟ್ಟು ಬಸ್ ಹತ್ತಿದೆ. ಆ ರಾತ್ರಿಯ ದುಡ್ಡು ಕೊಡಲಿಲ್ಲ, ಕೇಳಲೂ ಇಲ್ಲ ನಾನು.

ಹಾಗಾಗಿ ನನಗೆ ಇಬ್ಬರ ಮಾತೂ ಅರ್ಥವಾಗುತ್ತದೆ. ಯಾರ ಪರ ಅಂತ ಕೇಳಬೇಡಿ.

ಬಯಲುಸೀಮೆ ಬಸವ:
ಸಾರ್, ಓದಿ ಬೇಜಾರಾಯಿತು. ಆದರೆ ನನ್ನ ಪ್ರಶ್ನೆ ಅಲ್ಲೇ ಇದೆ. ಆ ಹನ್ನೊಂದು ರಾತ್ರಿ ನಿಮಗೆ ಊಟ ಹಾಕಿದ್ದು ಆ ವೇಷವೇ ಅಲ್ವಾ? ದೊಡ್ಡವರೊಬ್ಬರು ಬಂದು 'ಈ ವೇಷವೇ ಅವಮಾನ, ನಿಲ್ಲಿಸಿ' ಅಂದು ನಿಲ್ಲಿಸಿಬಿಟ್ಟಿದ್ದರೆ?

ನಾಲ್ಕಡಿ ಎರಡಿಂಚು:
ಬಸವ ಅವರೇ, ಬೈಯುತ್ತಿದ್ದೆ. ಆಮೇಲೆ ಒಳಗೊಳಗೇ ಖುಷಿಯೂ ಪಡುತ್ತಿದ್ದೆ. ಎರಡೂ ನಿಜ.

ನ್ಯೂಜೆರ್ಸಿ ಕನ್ನಡತಿ:
ಆ ಸ್ಟೇಷನ್ ನಮ್ಮ ಕಡೆಯದು ಮಾರಾಯ್ರೇ! ನ್ಯೂಫೌಂಡ್‌ಲ್ಯಾಂಡ್ ಅಂತ ಊರಿನ ಹೆಸರು, ಕೆನಡಾದ್ದಲ್ಲ, ನ್ಯೂಜೆರ್ಸಿಯದೇ. ಸಿನಿಮಾದಲ್ಲೂ ಅದೇ ಹೆಸರು. ಡಿಂಕ್ಲೇಜ್ ಹುಟ್ಟಿದ ಮಾರಿಸ್‌ಟೌನ್ ಕೂಡ ಅಲ್ಲಿಂದ ತುಂಬಾ ದೂರವಿಲ್ಲ.

ಅದೇ 2003ರಲ್ಲಿ ಅವರ ಇನ್ನೊಂದು ಸಿನಿಮಾ ಬಂತು, 'ಎಲ್ಫ್'. ಇಲ್ಲಿ ಪ್ರತಿ ಡಿಸೆಂಬರಿಗೂ ಟಿವಿಯಲ್ಲಿ ಹಾಕುತ್ತಾರೆ, ನನ್ನ ಮಕ್ಕಳಿಗೆ ಬಾಯಿಪಾಠ. ಅದರಲ್ಲಿ ಡಿಂಕ್ಲೇಜ್ ಮಕ್ಕಳ ಪುಸ್ತಕ ಬರೆಯುವ ದೊಡ್ಡ ಲೇಖಕ. ಜಂಭದ ಮನುಷ್ಯ, ಕೋಟು ಹಾಕಿಕೊಂಡು ಮೀಟಿಂಗಿಗೆ ಬಂದಿರುತ್ತಾನೆ. ವಿಲ್ ಫೆರೆಲ್ ಪಾತ್ರಕ್ಕೆ ಬುದ್ಧಿ ಕಮ್ಮಿ. 'ನೀನು ಸಾಂತಾ ಹತ್ತಿರ ಕೆಲಸ ಮಾಡುವ ಎಲ್ಫ್ ಅಲ್ವಾ' ಅನ್ನುವ ಥರ ಪದೇ ಪದೇ ಕೇಳುತ್ತಾನೆ. ಲೇಖಕ ಮೇಜಿನ ಮೇಲಿಂದ ಓಡಿಬಂದು ಬಾರಿಸುತ್ತಾನೆ. ಎಲ್ಫ್ ಪಾತ್ರ ಮಾಡಲ್ಲ ಅಂದ ಮನುಷ್ಯ 'ಎಲ್ಫ್' ಅನ್ನುವ ಸಿನಿಮಾದಲ್ಲೇ ಎಲ್ಫ್ ಅಂದವನಿಗೆ ಹೊಡೆದ. ನನಗಂತೂ ಇದು ಎಮ್ಮಿಗಿಂತ ಇಷ್ಟ.

ರಂಗಶಾಲೆ ಬೆಂಚು:
ಅದಕ್ಕೂ ಮೊದಲಿನದು ಕೇಳಿ. 1995, 'ಲಿವಿಂಗ್ ಇನ್ ಒಬ್ಲಿವಿಯನ್', ಅವರ ಮೊದಲ ಸಿನಿಮಾ. ಸಿನಿಮಾದೊಳಗೆ ಸಿನಿಮಾ ತೆಗೆಯುವ ಕಥೆ. ಕನಸಿನ ದೃಶ್ಯ ಅಂದ ಮೇಲೆ ಒಬ್ಬ ಕುಳ್ಳ ಬೇಕಲ್ಲ, ಹಾಗಾಗಿ ಇವರನ್ನು ಕರೆಸಿರುತ್ತಾರೆ. ಶೂಟಿಂಗ್ ನಡುವೆ ಇವರು ನಿರ್ದೇಶಕನ ಮೇಲೆ ಹರಿಹಾಯುತ್ತಾರೆ. ಯಾರ ಕನಸಿನಲ್ಲಾದರೂ ಕುಳ್ಳ ಬಂದದ್ದು ಉಂಟಾ, ನಾನೇ ಕುಳ್ಳ, ನನ್ನ ಕನಸಿನಲ್ಲೇ ಬರುವುದಿಲ್ಲ ಅಂತ ಕೂಗಾಡಿ ಸೆಟ್ ಬಿಟ್ಟು ನಡೆದುಬಿಡುತ್ತಾರೆ. ಹಾಲಿವುಡ್ ಒಳಗೆ ಕಾಲಿಟ್ಟ ಮೊದಲ ಪಾತ್ರದಲ್ಲೇ ಹಾಲಿವುಡ್‌ಗೆ ಬೈದ ಹಾಗೆ. 2022ರ ಪಾಡ್‌ಕಾಸ್ಟ್ ಇದರ ಮುಂದುವರಿಕೆ ಅಷ್ಟೇ.

ಬಯಲುಸೀಮೆ ಬಸವ:
ಚೆನ್ನಾಗಿದೆ, ಚೆನ್ನಾಗಿದೆ. ಹಾಗಾದರೆ 2008ರ ನಾರ್ನಿಯಾ ಸಿನಿಮಾ ಮರೆತಿರಾ? 'ಪ್ರಿನ್ಸ್ ಕ್ಯಾಸ್ಪಿಯನ್'. ಅದರಲ್ಲಿ ಟ್ರಂಪ್‌ಕಿನ್ ಅನ್ನುವ ಕುಳ್ಳ ಇವರೇ. ಮಾಯಾಲೋಕದ ಕುಳ್ಳ, ಎದೆಯವರೆಗೆ ಗಡ್ಡ! ಅದೂ ಡಿಸ್ನಿಯ ಸಿನಿಮಾವೇ. ದುಡ್ಡು ತಗೊಂಡು ಗಡ್ಡ ಅಂಟಿಸಿಕೊಂಡವರು ಉಳಿದವರಿಗೆ ಗಡ್ಡ ಅವಮಾನ ಅನ್ನಬಹುದಾ?

ಸುಮ್ನೆ ಓದ್ತೀನಿ:
ಬಸವಣ್ಣ ಸಿಕ್ಸರ್.

ರಂಗಶಾಲೆ ಬೆಂಚು:
ಒಪ್ಪಿದೆ, ಗಡ್ಡ ಅಂಟಿಸಿಕೊಂಡಿದ್ದರು. ಅದಾದ ಮೇಲೆ ಏನಾಯಿತು ನೋಡಿ. 'ಗೇಮ್ ಆಫ್ ಥ್ರೋನ್ಸ್'ಗೆ ಕರೆದಾಗ ಮೊದಲು ಹಿಂದೆ ಮುಂದೆ ನೋಡಿದರು. ರಾಜ, ಡ್ರ್ಯಾಗನ್ ಅಂದರೆ ಮತ್ತೆ ಅದೇ ಗಡ್ಡ, ಅದೇ ಚೂಪು ಬೂಟು ಅಂತ. ಅವೆರಡೂ ಇಲ್ಲ ಅಂತ ಖಾತ್ರಿ ಮಾಡಿಕೊಂಡೇ ಒಪ್ಪಿದ್ದು. ಒಮ್ಮೆ ಮಾಡಿ ನೋಡಿದವರಿಗೇ ಬೇಡ ಅನ್ನುವ ಹಕ್ಕು ಜಾಸ್ತಿ ಅಂತ ನನ್ನ ಲೆಕ್ಕ. (ನಂತರದ ಸೀಸನ್‌ಗಳಲ್ಲಿ ಟಿರಿಯನ್ ಗಡ್ಡ ಬಿಟ್ಟ ಅಂತ ಯಾರೂ ಎದ್ದು ಬರಬೇಡಿ. ಅದು ಬೇಸರದ ಗಡ್ಡ, ಕುಳ್ಳರ ಗಡ್ಡ ಅಲ್ಲ.)

ಡಾಕ್ಟರಮ್ಮ:
ಮಕ್ಕಳ ಡಾಕ್ಟರ್ ಆಗಿ ಒಂದು ವಿಷಯ ಹೇಳುತ್ತೇನೆ, ಇಲ್ಲಿ ಯಾರೂ ಹೇಳಿಲ್ಲ. ಡಿಂಕ್ಲೇಜ್‌ಗೆ ಇರುವುದಕ್ಕೆ ಅಕಾಂಡ್ರೊಪ್ಲೇಸಿಯಾ ಅನ್ನುತ್ತಾರೆ. ಎಲುಬು ಉದ್ದ ಬೆಳೆಯುವುದಕ್ಕೆ ನಮ್ಮ ದೇಹದಲ್ಲಿ ಒಂದು ಬ್ರೇಕ್ ಇರುತ್ತದೆ. ಎಫ್‌ಜಿಎಫ್‌ಆರ್3 ಅನ್ನುವ ಜೀನ್. ಇವರಲ್ಲಿ ಆ ಬ್ರೇಕ್ ಯಾವಾಗಲೂ ಒತ್ತಿಕೊಂಡೇ ಇರುತ್ತದೆ. ಕೈಕಾಲು ಗಿಡ್ಡ, ಮುಂಡ ಹೆಚ್ಚುಕಡಿಮೆ ಎಲ್ಲರ ಹಾಗೇ. ಬುದ್ಧಿಗೂ ಇದಕ್ಕೂ ಏನೇನೂ ಸಂಬಂಧ ಇಲ್ಲ. ಇಂಥ 10 ಮಕ್ಕಳಲ್ಲಿ ಸುಮಾರು 8 ಮಕ್ಕಳ ಅಪ್ಪ ಅಮ್ಮ ಮಾಮೂಲಿ ಎತ್ತರದವರೇ. ಅಂದರೆ ಇದು 'ಅವರ ಮನೆತನದ್ದು' ಅಲ್ಲ. ಯಾರ ಮನೆಯಲ್ಲಾದರೂ ಹುಟ್ಟಬಹುದು.

ಇದನ್ನು ಯಾಕೆ ಹೇಳಿದೆ ಅಂದರೆ, ಮಗು ಹುಟ್ಟಿದ ದಿನ ಆ ಅಪ್ಪ ಅಮ್ಮನ ತಲೆಯಲ್ಲಿ ಇರುವ ಚಿತ್ರ ಯಾವುದು? ಸರ್ಕಸ್ ಜೋಕರ್. ಬೇರೆ ಚಿತ್ರವೇ ಇರುವುದಿಲ್ಲ. ನನ್ನ ಮುಂದೆ ಕೂತು 'ಇವನನ್ನು ಸರ್ಕಸ್‌ಗೆ ಸೇರಿಸಬೇಕಾ ಮೇಡಂ' ಅಂತ ಅತ್ತ ತಾಯಿಯನ್ನು ನಾನು ನೋಡಿದ್ದೇನೆ. ಈಗ ಟಿರಿಯನ್ ಫೋಟೋ ತೋರಿಸುತ್ತೇನೆ. ಇವರು ಯಾರು ಗೊತ್ತಾ ಅಂತ ಶುರು ಮಾಡುತ್ತೇನೆ. ಏಳು ಪಾತ್ರ ಹೋಯಿತು ಅನ್ನುವ ಲೆಕ್ಕದ ಪಕ್ಕದಲ್ಲಿ ಇದನ್ನೂ ಬರೆದುಕೊಳ್ಳಿ.

ನಾಲ್ಕಡಿ ಎರಡಿಂಚು:
ಡಾಕ್ಟರಮ್ಮ, ನನ್ನ ಅಮ್ಮನಿಗೆ ನೀವು ಸಿಕ್ಕಿದ್ದರೆ ಚೆನ್ನಾಗಿತ್ತು. ಅವಳಿಗೆ ಸಿಕ್ಕವರು ಹರಕೆ ಹೇಳಿದರು.

ಒಂದು ವಿನಂತಿ. 'ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು' ಅಂತ ಇನ್ನೂ ಯಾರೂ ಬರೆದಿಲ್ಲ. ದಯವಿಟ್ಟು ಬರೆಯಬೇಡಿ. ಬ್ಯಾಂಕಿನಲ್ಲಿ ಸನ್ಮಾನ, ಬೀಳ್ಕೊಡುಗೆ, ಏನೇ ಇರಲಿ, ಮೈಕ್ ಹಿಡಿದವರು ನನ್ನತ್ತ ತಿರುಗಿದರೆ ಈ ಮಾತು ಬರುತ್ತದೆ ಅಂತ ನನಗೆ ಮೊದಲೇ ಗೊತ್ತಿರುತ್ತದೆ.

ಸುಮ್ನೆ ಓದ್ತೀನಿ:
ಟೈಪ್ ಮಾಡಿ ಇಟ್ಟಿದ್ದೆ ಸಾರ್. ಅಳಿಸಿದೆ. ಕ್ಷಮಿಸಿ.

ಮಧ್ಯರಾತ್ರಿ ಪ್ರೇಕ್ಷಕ:
ನಾನೂ ಒಂದು ಕೇಳಬೇಕು. ತಲೆಬರಹದಲ್ಲಿ 'ಕುಳ್ಳ' ಅಂತ ಬರೆದಿದ್ದೇನೆ. ತಪ್ಪಾಯಿತಾ? 'ಕುಬ್ಜ' ಅನ್ನಬೇಕಿತ್ತಾ?

ಬಯಲುಸೀಮೆ ಬಸವ:
ದ್ವಾರಕೀಶ್ ಅವರನ್ನು ಇಡೀ ನಾಡು ಕುಳ್ಳ ಅಂತಲೇ ಕರೆದಿದ್ದು. ಅವರೇ 'ಕುಳ್ಳ ಏಜೆಂಟ್ 000', 'ಪ್ರಚಂಡ ಕುಳ್ಳ' ಅಂತ ಸಿನಿಮಾಕ್ಕೆ ಹೆಸರಿಟ್ಟರು. ಬೇಜಾರು ಮಾಡಿಕೊಂಡರಾ?

ರಂಗಶಾಲೆ ಬೆಂಚು:
ದ್ವಾರಕೀಶ್ ಗಿಡ್ಡಗಿದ್ದರು, ಅಷ್ಟೇ. ನಾವು ಮಾತಾಡುತ್ತಿರುವ ಸ್ಥಿತಿ ಬೇರೆ. ಅದಕ್ಕಿಂತ ದೊಡ್ಡ ವಿಷಯ, ಅವರು ನಿರ್ಮಾಪಕರು. ತಮ್ಮ ದುಡ್ಡು, ತಮ್ಮ ಬ್ಯಾನರ್, ತಮ್ಮ ಮೇಲೆ ತಾವೇ ಜೋಕ್. ಸೆಟ್‌ನಲ್ಲಿ ಯಾರು ನಗಬೇಕು, ಎಷ್ಟು ನಗಬೇಕು ಅಂತ ಹೇಳುವವರೂ ಅವರೇ. ದಿನಗೂಲಿಗೆ ಬಂದ ಕುಳ್ಳ ನಟನಿಗೆ ಆ ಮಾತು ಹೇಳುವ ಧೈರ್ಯ ಎಲ್ಲಿಂದ ಬರಬೇಕು?

ನಾಲ್ಕಡಿ ಎರಡಿಂಚು:
ನನ್ನ ಅಜ್ಜಿ ಕೊನೆಯವರೆಗೂ ನನ್ನನ್ನು 'ಕುಳ್ಳಾ, ಊಟಕ್ಕೆ ಬಾ' ಅಂತಲೇ ಕರೆದದ್ದು. ಬೇಜಾರಾಗಲಿಲ್ಲ. ಅದೇ ಪದ ಬಸ್ ಸ್ಟ್ಯಾಂಡಿನಲ್ಲಿ ಗೊತ್ತಿಲ್ಲದವನ ಬಾಯಲ್ಲಿ ಬಂದರೆ ಮೈ ಉರಿಯುತ್ತದೆ. 'ಕುಬ್ಜ' ಅಂದರೆ ಸರ್ಟಿಫಿಕೇಟ್ ಓದಿದ ಹಾಗಾಗುತ್ತದೆ. ಸರ್ಟಿಫಿಕೇಟ್ ಅಂದಮೇಲೆ ನೆನಪಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ನಾವೂ ಇದ್ದೇವೆ, ದೊಡ್ಡವರಾದ ಮೇಲೂ 4 ಅಡಿ 10 ಇಂಚಿನೊಳಗೆ ಇರುವವರು. ತುಂಬಾ ಜನಕ್ಕೆ ಗೊತ್ತಿಲ್ಲ. ಮನೆಯಲ್ಲಿ ಯಾರಾದರೂ ಇದ್ದರೆ ಮಾಡಿಸಿ. ನನ್ನ ಕೆಲಸಕ್ಕೆ ಅದರಿಂದ ದಾರಿಯಾಯಿತು.

ತಲೆಬರಹ ಇರಲಿ ಬಿಡಿ. ನೀವು ಕೇಳಿದಿರಿ, ಸಾಕು.

ನ್ಯೂಜೆರ್ಸಿ ಕನ್ನಡತಿ:
ಎತ್ತಿಕೊಂಡು ಫೋಟೋ ತೆಗೆಸಿಕೊಂಡ ವಿಷಯ ನನ್ನ ತಲೆಯಿಂದ ಹೋಗುತ್ತಿಲ್ಲ. ಇಂಗ್ಲೆಂಡಿನಲ್ಲಿ 2011ರಲ್ಲಿ ಒಂದು ಪಬ್‌ನ ಹೊರಗೆ ಒಬ್ಬ ಕುಳ್ಳ ವ್ಯಕ್ತಿಯನ್ನು ಯಾರೋ ತಮಾಷೆಗೆ ಎತ್ತಿ ಎಸೆದಿದ್ದರು. ಅವರಿಗೆ ತೀವ್ರ ಪೆಟ್ಟಾಯಿತು. ಮರುವರ್ಷ ಡಿಂಕ್ಲೇಜ್‌ಗೆ ಗೋಲ್ಡನ್ ಗ್ಲೋಬ್ ಬಂದಾಗ ವೇದಿಕೆ ಮೇಲೆ ಅವರ ಹೆಸರು ಹೇಳಿ, ಹುಡುಕಿ ಓದಿ ಅಂದರು. ಅಷ್ಟೇ ಅಂದಿದ್ದು, ಭಾಷಣ ಇಲ್ಲ. ಆ ರಾತ್ರಿ ತುಂಬಾ ಜನ ಹುಡುಕಿದರು. ಮಾತಾಡಲೇ ಬಾರದಿತ್ತು ಅನ್ನುವವರಿಗೆ ಇದನ್ನು ಹೇಳಬೇಕು ಅನ್ನಿಸಿತು.

ಬಯಲುಸೀಮೆ ಬಸವ:
ಮಾತಾಡಬಾರದು ಅಂದಿಲ್ಲ ಮೇಡಂ. ಮಾತಿನ ಫಲ ಯಾರಿಗೆ ಸಿಕ್ಕಿತು ಅಂತ ಕೇಳುತ್ತಿದ್ದೇನೆ. ವಾರ್ವಿಕ್ ಡೇವಿಸ್ ಅವರನ್ನು ತಗೊಳ್ಳಿ. ಇಂಗ್ಲೆಂಡಿನವರು, 3 ಅಡಿ 6 ಇಂಚು. 'ಸ್ಟಾರ್ ವಾರ್ಸ್'ಗೆ ನಾಲ್ಕಡಿಗಿಂತ ಕುಳ್ಳಗಿರುವವರು ಬೇಕು ಅಂತ ರೇಡಿಯೋದಲ್ಲಿ ಬಂದದ್ದನ್ನು ಅವರ ಅಜ್ಜಿ ಕೇಳಿಸಿಕೊಂಡರು. ಹನ್ನೊಂದು ವರ್ಷದ ಹುಡುಗನನ್ನು ಕಳಿಸಿದರು. ಹುಡುಗ ಹೋಗಿ ರೋಮದ ಚೀಲದೊಳಗೆ ನುಗ್ಗಿ 'ಈವಾಕ್' ಅನ್ನುವ ಪುಟ್ಟ ಜೀವಿ ಆದ. 1983ರ ಸಿನಿಮಾ ಅದು. ಮುಖ್ಯ ಈವಾಕ್ ಪಾತ್ರ ಮಾಡಬೇಕಿದ್ದದ್ದು ಕೆನ್ನಿ ಬೇಕರ್, ಆರ್2ಡಿ2 ರೋಬೋಟ್ ಡಬ್ಬದೊಳಗೆ ಕೂರುತ್ತಿದ್ದವರು. ಅವರಿಗೆ ಹುಷಾರಿಲ್ಲ ಅಂತ ಈ ಹುಡುಗನಿಗೆ ಸಿಕ್ಕಿತು. ಐದು ವರ್ಷದಲ್ಲಿ 'ವಿಲೋ' ಸಿನಿಮಾಕ್ಕೆ ಹೀರೋ. ಆಮೇಲೆ ಹ್ಯಾರಿ ಪಾಟರ್‌ನ ಮೇಷ್ಟ್ರು. ಗಡ್ಡ, ಮುಖವಾಡ, ಚೂಪು ಕಿವಿ, ಎಲ್ಲ ಹಾಕಿದರು. ಯಾವುದಕ್ಕೂ ಬೇಡ ಅನ್ನಲಿಲ್ಲ.

ಆ ದುಡ್ಡು, ಆ ಹೆಸರು ಇಟ್ಟುಕೊಂಡು ಏನು ಮಾಡಿದರು? ಮಾವನ ಜೊತೆ ಸೇರಿ ಕುಳ್ಳ ನಟರಿಗೆ ಕೆಲಸ ಕೊಡಿಸುವ ಏಜೆನ್ಸಿ ತೆರೆದರು. 2012ರಲ್ಲಿ ಹೆಂಡತಿಯ ಜೊತೆ 'ಲಿಟಲ್ ಪೀಪಲ್ ಯುಕೆ' ಅನ್ನುವ ಸಂಸ್ಥೆ ಕಟ್ಟಿದರು. 2025ರಲ್ಲಿ ಬ್ರಿಟನ್ನಿನ ಸಿನಿಮಾ ಅಕಾಡೆಮಿ ಬಾಫ್ತಾದವರು ಫೆಲೋಶಿಪ್ ಕೊಟ್ಟು ಗೌರವಿಸಿದರು. ಅವರ ದೊಡ್ಡ ಗೌರವವೇ ಅದು. ಒಬ್ಬರು ಬಾಗಿಲು ಹಾಕಿದರು, ಇನ್ನೊಬ್ಬರು ತೆರೆದರು. ನನಗೆ ಡೇವಿಸ್ ಸಾಕು.

ರಂಗಶಾಲೆ ಬೆಂಚು:
ಈ ಸಲ ನಾನು ಟೋಪಿ ತೆಗೆದೆ. ಡೇವಿಸ್ ಬಗ್ಗೆ ನಾಟಕದವನಾಗಿ ನಾನೂ ಒಂದು ಸೇರಿಸುತ್ತೇನೆ. 2014ರಲ್ಲಿ ಅವರು ಕುಳ್ಳ ನಟರದೇ ತಂಡ ಕಟ್ಟಿ ಒಂದು ಹಳೇ ಪ್ರಹಸನ ಆಡಿಸಿದರು. ಸೆಟ್ಟನ್ನೇ ಅವರ ಎತ್ತರಕ್ಕೆ ಮಾಡಿದ್ದರು. ಬಾಗಿಲು, ಸೋಫಾ, ಮೆಟ್ಟಿಲು ಎಲ್ಲ. ಯಾರೂ ಕುಳ್ಳಗೆ ಕಾಣುವುದಿಲ್ಲ! ಪಾದ್ರಿ, ಸೈನಿಕ, ಮನೆಕೆಲಸದವಳು, ಬರೀ ಪಾತ್ರಗಳು. ನೋಡಿ, ಇದು ಡಿಂಕ್ಲೇಜ್ ಕೇಳಿದ್ದೇ. ಇಬ್ಬರೂ ಬೇರೆ ಬೇರೆ ಬಾಗಿಲಿಂದ ಅದೇ ಮನೆಗೆ ಬಂದಿದ್ದಾರೆ.

ಆದರೆ ಡಿಸ್ನಿ ವಿಷಯದಲ್ಲಿ ನೀವು ಬೈಯಬೇಕಾದವರಿಗೆ ಬೈಯುತ್ತಿಲ್ಲ. ಡಿಂಕ್ಲೇಜ್ 'ಕುಳ್ಳ ನಟರನ್ನು ತೆಗೆಯಿರಿ' ಅನ್ನಲಿಲ್ಲ. 'ಕಥೆ ಹೊಸದಾಗಿ ಯೋಚಿಸಿ' ಅಂದರು. ಡಿಸ್ನಿ ಮಾಡಿದ್ದೇನು? ಯೋಚಿಸುವ ಬದಲು ಜನರನ್ನೇ ತೆಗೆಯಿತು, ಕಥೆ ಹಾಗೇ ಇಟ್ಟಿತು. ಗೊಂಬೆಗಳಿಗೆ ದನಿ ಕೊಟ್ಟ ಏಳು ಜನರಲ್ಲಿ ಕುಳ್ಳ ನಟ ಒಬ್ಬರೇ, ಗ್ರಂಪಿಗೆ ದನಿ ಕೊಟ್ಟ ಮಾರ್ಟಿನ್ ಕ್ಲೆಬ್ಬಾ. ಆ ಸಿನಿಮಾದಲ್ಲಿ ಗೊಣಗುವ ಪಾತ್ರ ಅವರದೇ. ಗೊಣಗಲಿ ಬಿಡಿ, ಕಾರಣ ಇದೆ.

ಮಧ್ಯರಾತ್ರಿ ಪ್ರೇಕ್ಷಕ:
ಕುಳ್ಳರ ಪಾತ್ರವನ್ನು ಎತ್ತರದವರೇ ನುಂಗುವುದು ಹೊಸದಲ್ಲ ಅಂತ ನಿನ್ನೆಯಿಂದ ಓದಿ ಗೊತ್ತಾಯಿತು. 2012ರಲ್ಲಿ ಇನ್ನೊಂದು ಸ್ನೋ ವೈಟ್ ಬಂತು, 'ಸ್ನೋ ವೈಟ್ ಅಂಡ್ ದಿ ಹಂಟ್ಸ್‌ಮನ್'. ಬಾಬ್ ಹಾಸ್ಕಿನ್ಸ್, ಇಯನ್ ಮೆಕ್‌ಶೇನ್ ಥರದವರ ಮುಖ ತೆಗೆದುಕೊಂಡು ಕಂಪ್ಯೂಟರ್‌ನಲ್ಲಿ ಗಿಡ್ಡ ಮಾಡಿದರು. ಅಮೆರಿಕದ ಕುಳ್ಳರ ಸಂಘ ಆಗಲೇ ಪ್ರತಿಭಟಿಸಿತ್ತು. 'ಲಾರ್ಡ್ ಆಫ್ ದಿ ರಿಂಗ್ಸ್'ನಲ್ಲಿ ಗಿಮ್ಲಿ ಅನ್ನುವ ಕುಳ್ಳನ ಪಾತ್ರ ಮಾಡಿದ ಜಾನ್ ರೈಸ್ ಡೇವೀಸ್ ಆರಡಿಗಿಂತ ಎತ್ತರ. 2023ರಲ್ಲಿ 'ವೋಂಕಾ'ದಲ್ಲಿ ಗಿಡ್ಡನ ಪಾತ್ರಕ್ಕೆ ಹ್ಯೂ ಗ್ರಾಂಟ್. ಇವ್ಯಾವುದಕ್ಕೂ ಡಿಂಕ್ಲೇಜ್ ಕಾರಣ ಅಲ್ಲವಲ್ಲ?

ನಾಲ್ಕಡಿ ಎರಡಿಂಚು:
ನಮ್ಮವರು ಕಡಿಮೆಯಾ? 1989ರಲ್ಲಿ ತಮಿಳಿನ 'ಅಪೂರ್ವ ಸಹೋದರರ್ಗಳ್' ಸಿನಿಮಾಕ್ಕೆ ಕಮಲ್ ಹಾಸನ್ ಮಂಡಿ ಮಡಚಿ ಅಪ್ಪು ಅನ್ನುವ ಕುಳ್ಳ ಆದರು. ನಾನೂ ಬಾಯಿ ಬಿಟ್ಟುಕೊಂಡು ನೋಡಿದ್ದೇನೆ, ಸುಳ್ಳು ಹೇಳಲ್ಲ. 2018ರಲ್ಲಿ 'ಝೀರೋ'ಗೆ ಶಾರುಖ್ ಖಾನ್. ಅದನ್ನು ಬಾಯಿ ಮುಚ್ಚಿಕೊಂಡೇ ನೋಡಿದೆ. ಹೇಗೆ ಮಾಡಿದರು ಅಂತಲೇ ಎಲ್ಲರೂ ಕೇಳಿದರು. ನಿಜವಾದ ಕುಳ್ಳ ನಟನಿಗೆ ಯಾಕೆ ಕೊಡಲಿಲ್ಲ ಅಂತ ಕೇಳಿದವರನ್ನು ನಾನು ಕಾಣಲಿಲ್ಲ.

ಕೇರಳದವರು ನೋಡಿ. ಗಿನ್ನೆಸ್ ಪಕ್ರು, ಅಜಯ್ ಕುಮಾರ್ ಅಂತ ಹೆಸರು, 76 ಸೆಂಟಿಮೀಟರ್. 2005ರ 'ಅದ್ಭುತ ದ್ವೀಪ'ಕ್ಕೆ ಅವರೇ ಹೀರೋ. 2013ರಲ್ಲಿ ಸಿನಿಮಾ ನಿರ್ದೇಶನವನ್ನೂ ಮಾಡಿದರು. ಹಾಗೇ ಕಿರಣ್ ಶಾ ಅಂತ ಒಬ್ಬರಿದ್ದಾರೆ, ಯಾರಿಗೂ ಮುಖ ಗೊತ್ತಿಲ್ಲ. ನೈರೋಬಿಯಲ್ಲಿ ಹುಟ್ಟಿದ ಭಾರತೀಯ ಮೂಲದವರು. ಗಿನ್ನೆಸ್ ಪ್ರಕಾರ ಜಗತ್ತಿನ ಅತಿ ಕುಳ್ಳ ಸ್ಟಂಟ್‌ಮ್ಯಾನ್, 126.3 ಸೆಂಟಿಮೀಟರ್. 'ಲಾರ್ಡ್ ಆಫ್ ದಿ ರಿಂಗ್ಸ್'ನಲ್ಲಿ ಹಾಬಿಟ್ ಅನ್ನುವ ಗಿಡ್ಡ ಜನರನ್ನು ದೂರದಿಂದ ತೋರಿಸುವಾಗ ಕಥಾನಾಯಕ ಫ್ರೋಡೋ ಆಗಿ ಓಡುವವರು ಇವರು. ಮುಖ ಹತ್ತಿರ ಬಂದರೆ ಬೇರೆಯವರು. ನನಗೆ ಡಿಂಕ್ಲೇಜ್‌ಗಿಂತ ಇವರ ಬಗ್ಗೆ ಓದಿದಾಗ ಜಾಸ್ತಿ ಏನೋ ಆಯಿತು.

ಡಾಕ್ಟರಮ್ಮ:
ಹಳಬರಲ್ಲಿ ಮೈಕೆಲ್ ಡನ್ ಅಂತ ಇದ್ದರು. 1965ರ 'ಶಿಪ್ ಆಫ್ ಫೂಲ್ಸ್'ಗೆ ಆಸ್ಕರ್ ನಾಮನಿರ್ದೇಶನ ಬಂದಿತ್ತು. ಆಸ್ಕರ್ ಪಟ್ಟಿಗೆ ಬಂದ ಮೇಲೂ ಟಿವಿಯಲ್ಲಿ ಹುಚ್ಚು ವಿಜ್ಞಾನಿ, ಸಿನಿಮಾದಲ್ಲಿ ದೆವ್ವದ ಕಥೆ. 38ಕ್ಕೇ ತೀರಿಕೊಂಡರು. 'ಫ್ಯಾಂಟಸಿ ಐಲ್ಯಾಂಡ್' ಧಾರಾವಾಹಿಯ ಹರ್ವೆ ವಿಲೆಶೇಜ್ ಕಥೆ ಇನ್ನೂ ಕಷ್ಟ. ವಿಮಾನ ಬಂತು ಅಂತ ಕೂಗುವ ಒಂದು ಮಾತಿಗೆ ಮನೆಮಾತಾದರು. ಸಂಬಳದ ಜಗಳದಲ್ಲಿ ಧಾರಾವಾಹಿಯಿಂದ ಹೊರಬಿದ್ದರು. 1993ರಲ್ಲಿ ತಮ್ಮ ಜೀವ ತಾವೇ ತೆಗೆದುಕೊಂಡರು. 2018ರಲ್ಲಿ ಎಚ್‌ಬಿಓ ಸಿನಿಮಾದಲ್ಲಿ ಈ ವಿಲೆಶೇಜ್ ಪಾತ್ರವನ್ನು ಡಿಂಕ್ಲೇಜ್ ಮಾಡಿದ್ದಾರೆ. ಅದು ನೋಡಿದ ಮೇಲೆ ಆ ಪಾಡ್‌ಕಾಸ್ಟಿನ ಸಿಟ್ಟು ಎಲ್ಲಿಂದ ಬಂತು ಅಂತ ನನಗೆ ಗೊತ್ತಾಯಿತು.

ನ್ಯೂಜೆರ್ಸಿ ಕನ್ನಡತಿ:
ಬೇಜಾರಿನ ಮಧ್ಯೆ ಒಂದು ಸಣ್ಣದು. ಡಿಂಕ್ಲೇಜ್ ಹದಿಹರೆಯದಿಂದಲೂ ಸಸ್ಯಾಹಾರಿ. ಟಿರಿಯನ್ ಕಚ್ಚಿ ತಿನ್ನುವ ಮಾಂಸ ಎಲ್ಲ ತೋಫು. ನಮ್ಮತ್ತೆಗೆ ಇದನ್ನು ಹೇಳಿದ ದಿನದಿಂದ ಅವನು ಅವರ ಮಗ.

ಬಯಲುಸೀಮೆ ಬಸವ:
ಹಹ್ಹ. ಸರಿ, ನಾನು ಅರ್ಧ ಹಿಂದೆ ಸರಿಯುತ್ತೇನೆ. ಡಿಸ್ನಿ ಜಾರಿಕೊಂಡಿತು, ಒಪ್ಪಿದೆ. ಕಂಪ್ಯೂಟರ್ ಗೊಂಬೆಗೆ ಡಿಂಕ್ಲೇಜ್ ಹೆಸರು ನೆಪ ಆಯಿತು. ಆದರೆ ಇನ್ನರ್ಧ ಬಿಡುವುದಿಲ್ಲ. ಹಳೇ ಪಾತ್ರ ಬೇಡ ಅನ್ನುವವರು ಹೊಸ ಪಾತ್ರ ಎಲ್ಲಿದೆ ತೋರಿಸಬೇಕು. ತೋರಿಸಿದ್ದಾರಾ?

ರಂಗಶಾಲೆ ಬೆಂಚು:
2014ರ 'ಎಕ್ಸ್‌ಮೆನ್' ಸಿನಿಮಾ ನೋಡಿ. ಬೊಲಿವರ್ ಟ್ರಾಸ್ಕ್, ಆಯುಧ ತಯಾರಿಸುವ ವಿಜ್ಞಾನಿ. ಕಾಮಿಕ್ಸ್‌ನಲ್ಲಿ ಮಾಮೂಲಿ ಎತ್ತರದವನು. ಪಾತ್ರ ಡಿಂಕ್ಲೇಜ್‌ಗೆ ಕೊಟ್ಟರು, ಎತ್ತರದ ಬಗ್ಗೆ ಕಥೆ ಕಟ್ಟಲಿಲ್ಲ. 2021ರಲ್ಲಿ 'ಸಿರಾನೋ'. ಉದ್ದ ಮೂಗಿನವನ ಹಳೇ ಫ್ರೆಂಚ್ ನಾಟಕ. ಅವರ ಹೆಂಡತಿ ಎರಿಕಾ ಶ್ಮಿಟ್ ಅದನ್ನು ಹೊಸದಾಗಿ ಬರೆದರು. ಅಂಟಿಸಿದ ಮೂಗು ತೆಗೆದುಬಿಟ್ಟರು. ನೂರು ವರ್ಷ ಎಲ್ಲರೂ ರಬ್ಬರ್ ಮೂಗು ಹಾಕಿಕೊಂಡು ಅತ್ತ ಪಾತ್ರವನ್ನು ಏನನ್ನೂ ಅಂಟಿಸಿಕೊಳ್ಳದೆ ಒಬ್ಬ ಮಾಡಿದ. ತೋರಿಸಿದ್ದಾರೆ ಬಸವ ಅವರೇ. ಒಬ್ಬರೇ ಎಷ್ಟು ತೋರಿಸಬೇಕು?

ಬಯಲುಸೀಮೆ ಬಸವ:
ಹೆಂಡತಿ ಬರೆದುಕೊಟ್ಟರೆ ಸಿಕ್ಕಿತು. ಹೆಂಡತಿ ನಾಟಕಕಾರ್ತಿ ಅಲ್ಲದವರು ಏನು ಮಾಡಬೇಕು?

ಸುಮ್ನೆ ಓದ್ತೀನಿ:
ಬ್ಯಾಂಕ್ ಪರೀಕ್ಷೆ ಬರೆಯಬೇಕು.

ನಾಲ್ಕಡಿ ಎರಡಿಂಚು:
ಇದಕ್ಕೆ ನಕ್ಕುಬಿಟ್ಟೆ. ಕೌಂಟರ್ ಆಚೆಯ ಗ್ರಾಹಕರು ಏನಾಯಿತು ಅಂತ ಬಗ್ಗಿ ನೋಡಿದರು.

ರಂಗಶಾಲೆ ಬೆಂಚು:
ಎರಡಿಂಚು ಅವರೇ, ತಪ್ಪು ತಿಳಿಯದಿದ್ದರೆ ಒಂದು ಕೇಳಲಾ? ನಮ್ಮದು ಮೈಸೂರಿನ ಹವ್ಯಾಸಿ ತಂಡ. ಹೊಸ ನಾಟಕಕ್ಕೆ ಒಬ್ಬ ಪೋಸ್ಟ್ ಮಾಸ್ಟರ್ ಬೇಕಾಗಿದ್ದಾರೆ. ಎರಡನೇ ಅಂಕದಲ್ಲಿ ಹನ್ನೆರಡು ನಿಮಿಷ ಅವರದೇ ಮಾತು. ನಿಮ್ಮ ಬರಹ ಓದಿದಾಗಿನಿಂದ ಆ ದನಿ ಕೇಳಿಸುತ್ತಿದೆ.

ನಾಲ್ಕಡಿ ಎರಡಿಂಚು:
ನಾಟಕದಲ್ಲಿ ಎತ್ತರದ ಬಗ್ಗೆ ಏನಾದರೂ ಇದೆಯಾ?

ರಂಗಶಾಲೆ ಬೆಂಚು:
ಇಲ್ಲ. ಕನ್ನಡಕ ಇದೆ.

ಬಯಲುಸೀಮೆ ಬಸವ:
ದುಡ್ಡು ಕೊಡುತ್ತೀರಾ ಅಂತ ಮೊದಲು ಕೇಳಿ ಸಾರ್.

ರಂಗಶಾಲೆ ಬೆಂಚು:
ಬಸ್ ಚಾರ್ಜು, ರಿಹರ್ಸಲ್‌ಗೆ ಕಾಫಿ, ಬೋಂಡಾ. ಎಲ್ಲರಿಗೂ ಅಷ್ಟೇ.

ನಾಲ್ಕಡಿ ಎರಡಿಂಚು:
ಸ್ಕ್ರಿಪ್ಟ್ ಕಳಿಸಿ, ಓದಿ ಹೇಳುತ್ತೇನೆ. ಮಾರ್ಚ್‌ನಲ್ಲಿ ಮಾತ್ರ ಪ್ರದರ್ಶನ ಇಟ್ಟುಕೊಳ್ಳಬೇಡಿ, ನಮಗೆ ಇಯರ್ ಎಂಡಿಂಗ್.